ನಿಂತಲ್ಲೇ ನಡುಗುವ ಕಾರು



ಓಡುವಾಗ ಚೆನ್ನಾಗಿಯೇ ಓಡುವ ಕಾರು ನಿಂತಾಗ ಮಾತ್ರ ಚಳಿಜ್ವರ ಬಂದವರಂತೆ ನಡುಗುವುದನ್ನು ನೀವು ನೋಡಿರಬಹುದು. ಸ್ಟೀರಿಂಗ್ ಕೈಯಲ್ಲಿ ಕಂಪಿಸುತ್ತದೆ. ಕನ್ನಡಿಯಲ್ಲಿ ಕಾಣುವ ಹಿಂದಿನ ರಸ್ತೆ ಅಲುಗುತ್ತದೆ. ಸೈಲೆನ್ಸರಿನ ಸದ್ದು ಒಂದೇ ಸಮನೆ ಬರುವ ಬದಲು ಆಗಾಗ ಮುಗ್ಗರಿಸುತ್ತದೆ. ಚಾಲಕನಿಗೆ ಆಕ್ಸಿಲರೇಟರ್ ಮೇಲಿನ ಕಾಲನ್ನು ಪೂರ್ತಿ ತೆಗೆಯಲು ಹೆದರಿಕೆ. ತೆಗೆದರೆ ಎಂಜಿನ್ ನಿಂತೇ ಹೋದೀತು. ಗ್ಯಾರೇಜಿನವರು ಇದನ್ನು ಒಮ್ಮೆ ‘ಮಿಸ್ಸಿಂಗ್ ಹೊಡೆಯುತ್ತಿದೆ’ ಎನ್ನುತ್ತಾರೆ, ಇನ್ನೊಮ್ಮೆ ‘ಐಡ್ಲಿಂಗ್ ನಿಲ್ಲುತ್ತಿಲ್ಲ’ ಎನ್ನುತ್ತಾರೆ. ಇವೆರಡೂ ಒಂದೇ ಮಾತಲ್ಲ. ಆ ವ್ಯತ್ಯಾಸವನ್ನು ಹಿಡಿದರೆ ಅರ್ಧ ರೋಗವನ್ನು ಹಿಡಿದಂತೆಯೇ. ಮನೆಯ ಅಂಗಳದಲ್ಲೇ, ದುಬಾರಿ ಉಪಕರಣಗಳಿಲ್ಲದೆ, ಅದನ್ನು ಹೇಗೆ ಹಿಡಿಯಬಹುದು ಎಂಬುದನ್ನು ಇಂದು ನೋಡೋಣ.

ಈ ಮಾತಿಗೆ ನಾನು ಕಾರವಾರದ ಕೋಡಿಬಾಗವನ್ನು ಆರಿಸಿಕೊಂಡಿದ್ದೇನೆ. ಕಾಳಿ ನದಿ ಅರಬ್ಬೀ ಸಮುದ್ರವನ್ನು ಸೇರುವ ಜಾಗ ಅದು. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ಈಚೆ ದಡದಲ್ಲಿ ಕೋಡಿಬಾಗ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಮಳೆ ಇಲ್ಲದ ದಿನಗಳಲ್ಲೂ ಗಾಳಿಯಲ್ಲಿ ಉಪ್ಪಿನ ಹನಿ ಇರುತ್ತದೆ. ಇಲ್ಲಿಯ ಮನೆಗಳ ಕಿಟಕಿಯ ಸರಳು, ಗೇಟಿನ ಕೀಲು, ಸೈಕಲ್ಲಿನ ಚೈನು ಎಲ್ಲವೂ ಆ ಉಪ್ಪಿನ ರುಚಿ ಕಂಡವೇ. ಕಾರಿನ ಬಾನೆಟ್ಟಿನ ಒಳಗಿರುವ ನೂರಾರು ತಂತಿ ಜೋಡಣೆಗಳು ಅದರಿಂದ ಹೇಗೆ ತಪ್ಪಿಸಿಕೊಂಡಾವು?

ಇನ್ನೂ ಒಂದು ಕಾರಣ ಉಂಟು. ಇಂಥ ಕಡೆ ಎಷ್ಟೋ ಮನೆಗಳಲ್ಲಿ ಮಗ ಗೋವಾದಲ್ಲೋ ಮುಂಬಯಿಯಲ್ಲೋ ದುಡಿಯುತ್ತಿರುತ್ತಾನೆ; ಕಾರು ತಂದೆತಾಯಿಯರ ಬಳಿ ಇರುತ್ತದೆ. ಭಾನುವಾರದ ಸಂತೆಗೆ ಎರಡು ಮೂರು ಕಿಲೋಮೀಟರ್ ಹೋಗಿ ಬಂದರೆ ವಾರದ ಓಡಾಟ ಮುಗಿಯಿತು. ಉಳಿದ ದಿನ ಕಾರು ಶೆಡ್ಡಿನಲ್ಲಿ ನಿಂತೇ ಇರುತ್ತದೆ. ಆದರೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಇದೇ ಕಾರು ಮಧ್ಯರಾತ್ರಿ ಗೋವಾಕ್ಕೋ ಮಣಿಪಾಲಕ್ಕೋ ಓಡಬೇಕು, ಇಲ್ಲವೇ ಅಂಕೋಲೆಯಿಂದ ಆರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಸೇರಬೇಕು. ದೊಡ್ಡ ಆಸ್ಪತ್ರೆ ಜಿಲ್ಲೆಯಲ್ಲೇ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಟ್ಟಲೆ ಕೂಗಿದ್ದು ಸುಮ್ಮನೆ ಅಲ್ಲ. 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿಯಿತು. ಆಗ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯ ಮೇಲೇ ಸಾಗಬೇಕಾಯಿತು. ಅಂಥ ಕಡೆ ಒಂದು ಕಾರು ಮಧ್ಯದಲ್ಲಿ ನಿಂತರೆ ಅದು ಒಬ್ಬರ ತೊಂದರೆಯಾಗಿ ಉಳಿಯುವುದಿಲ್ಲ. ನಿಂತಾಗ ನಡುಗುವ ಕಾರನ್ನು ‘ಓಡುತ್ತದಲ್ಲ, ಸಾಕು’ ಎಂದು ಬಿಟ್ಟುಬಿಡಬಾರದು ಎನ್ನುವುದು ಇದಕ್ಕೇ.

ಮೊದಲು ಐಡ್ಲಿಂಗ್ ಎಂದರೇನು ಎಂದು ತಿಳಿಯೋಣ. ಗೇರು ನ್ಯೂಟ್ರಲ್‌ನಲ್ಲಿದೆ, ಆಕ್ಸಿಲರೇಟರ್ ಮೇಲೆ ಕಾಲಿಲ್ಲ. ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳುವಷ್ಟೇ ಶಕ್ತಿಯನ್ನು ಉತ್ಪಾದಿಸುತ್ತಿದೆ. ಬಿಸಿಯಾದ ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಈ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 700ರಿಂದ 900 ಸುತ್ತು. ನಮ್ಮ ದೇಶದ ರಸ್ತೆಗಳಿಗೆ 1983ರ ಡಿಸೆಂಬರಿನಲ್ಲಿ ಇಳಿದು, 2014ರವರೆಗೂ ತಯಾರಾದ ಮಾರುತಿ 800 ಕಾರನ್ನು ನೆನೆಯಿರಿ. ಅದರಲ್ಲಿ ಮೂರು ಸಿಲಿಂಡರ್. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನಲ್ಲೂ ಎರಡು ಸುತ್ತಿಗೊಮ್ಮೆ ಪೆಟ್ರೋಲ್ ಉರಿಯುತ್ತದೆ. ನಿಮಿಷಕ್ಕೆ 800 ಸುತ್ತು ಎಂದರೆ ಒಂದು ಸಿಲಿಂಡರಿಗೆ 400 ಉರಿತ, ಮೂರಕ್ಕೂ ಸೇರಿ 1,200. ಅಂದರೆ ಸೆಕೆಂಡಿಗೆ 20. ಈ ಇಪ್ಪತ್ತು ತಳ್ಳುಗಳು ಸಮವಾಗಿ ಬಂದರೆ ನಮಗೆ ಕೇಳುವುದು ಒಂದೇ ಗುಂಯ್‌ಗುಡುವ ಸದ್ದು. ಒಂದು ಸಿಲಿಂಡರ್ ಕೆಲಸ ನಿಲ್ಲಿಸಿದರೆ ಮೂರರಲ್ಲಿ ಒಂದು ಪಾಲು ಶಕ್ತಿ ಹೋಯಿತು. ಉಳಿದೆರಡು ಅದರ ಹೊರೆಯನ್ನೂ ಹೊರಬೇಕು. ವೇಗವಾಗಿ ತಿರುಗುವಾಗ ಭಾರವಾದ ಫ್ಲೈವೀಲಿನ ಓಟ ಈ ಕೊರತೆಯನ್ನು ಮುಚ್ಚಿಬಿಡುತ್ತದೆ. ನಿಧಾನವಾಗಿ ತಿರುಗುವಾಗ ಆ ಆಸರೆ ಕಡಿಮೆ. ಸೈಕಲ್ಲನ್ನು ತೀರ ನಿಧಾನವಾಗಿ ತುಳಿದು ನೋಡಿ, ಹ್ಯಾಂಡಲ್ ಓಲಾಡುವುದು ಆಗಲೇ ಅಲ್ಲವೆ?

ಗಾಳಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಕಾಗದ ಪೆನ್ಸಿಲು ತೆಗೆದುಕೊಂಡು ನೀವೇ ಮಾಡಬಹುದು. ಎಂಜಿನ್ನಿನ ಗಾತ್ರ ಸುಮಾರು 0.8 ಲೀಟರ್ ಎಂದಿಟ್ಟುಕೊಳ್ಳಿ. ಎರಡು ಸುತ್ತಿಗೊಮ್ಮೆ ಅದು ತನ್ನ ಗಾತ್ರದಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. 800 ಸುತ್ತಿನಲ್ಲಿ ಇದು ನಿಮಿಷಕ್ಕೆ 320 ಲೀಟರ್ ಆಗಬೇಕು. ಆದರೆ ಐಡ್ಲಿಂಗಿನಲ್ಲಿ ಗಾಳಿಯ ದಾರಿಯನ್ನು ಥ್ರಾಟಲ್ ಬಿಲ್ಲೆ ಬಹುಮಟ್ಟಿಗೆ ಮುಚ್ಚಿರುತ್ತದೆ. ಒಳಗಿನ ಒತ್ತಡ ಹೊರಗಿನ ವಾತಾವರಣದ ಒತ್ತಡದ ಸುಮಾರು ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. ಆದ್ದರಿಂದ ನಿಜವಾಗಿ ಒಳಹೋಗುವುದು ನಿಮಿಷಕ್ಕೆ ನೂರು ಲೀಟರ್ ಆಸುಪಾಸು. ಈಗ ಒಂದು ರಬ್ಬರ್ ಕೊಳವೆ ಬಿರುಕು ಬಿಟ್ಟು ನಿಮಿಷಕ್ಕೆ ಹತ್ತು ಲೀಟರ್ ಗಾಳಿ ಕಳ್ಳದಾರಿಯಿಂದ ನುಗ್ಗಿತೆನ್ನಿ. ಐಡ್ಲಿಂಗಿನಲ್ಲಿ ಅದು ಹತ್ತನೇ ಒಂದು ಪಾಲು! ಅದೇ ಎಂಜಿನ್ 4,000 ಸುತ್ತಿನಲ್ಲಿ ಪೂರ್ತಿ ತೆರೆದ ಥ್ರಾಟಲಿನಿಂದ ಸಾವಿರಕ್ಕೂ ಹೆಚ್ಚು ಲೀಟರ್ ಎಳೆಯುತ್ತಿರುವಾಗ ಆ ಹತ್ತು ಲೀಟರ್ ನೂರರಲ್ಲಿ ಒಂದು ಪಾಲೂ ಅಲ್ಲ. ಆಗ ಒಳಗೆ ಸೆಳೆತವೂ ಕಡಿಮೆಯಾಗಿರುವುದರಿಂದ ಸೋರಿಕೆ ಇನ್ನೂ ತಗ್ಗುತ್ತದೆ.

ಈ ಎರಡು ಲೆಕ್ಕಗಳು ನಮ್ಮ ಕೈಗೆ ಒಂದು ಪರೀಕ್ಷೆಯನ್ನು ಕೊಡುತ್ತವೆ. ನಡುಕ ಐಡ್ಲಿಂಗಿನಲ್ಲಿ ಮಾತ್ರ ಇದ್ದು, ರೇಸ್ ಕೊಟ್ಟ ಕೂಡಲೇ ಮಾಯವಾಗಿ, ಏರಿನಲ್ಲಿ ಎಳೆತವೂ ಸರಿಯಾಗಿದ್ದರೆ ಮೊದಲು ಗಾಳಿಯ ದಾರಿಯನ್ನು ಅನುಮಾನಿಸಬೇಕು. ನಿಂತಾಗಲೂ ನಡುಗಿ, ಏರಿನಲ್ಲೂ ಕಾರು ಜಗ್ಗಿ ಜಗ್ಗಿ ಹೋಗುತ್ತಿದ್ದರೆ ಕಿಡಿ ಅಥವಾ ಪೆಟ್ರೋಲಿನ ಕಡೆ ನೋಡಬೇಕು. ಇದು ಕಲ್ಲಿನ ಮೇಲೆ ಕೊರೆದ ನಿಯಮವಲ್ಲ. ಎಲ್ಲಿಂದ ಹುಡುಕಾಟ ಆರಂಭಿಸಬೇಕೆಂದು ತೋರಿಸುವ ಕೈಮರ.

ಬಾನೆಟ್ ಎತ್ತುವ ಮೊದಲು ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಮಳೆ ಎಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಚಾಲೂ ಇಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ತಲೆ ತಿರುಗಿತು ಎನ್ನುವಷ್ಟರಲ್ಲಿ ಎದ್ದು ಹೊರಬರುವ ಶಕ್ತಿಯೇ ಉಳಿದಿರುವುದಿಲ್ಲ. ಕಾರನ್ನು ಬಯಲಿಗೆ ತನ್ನಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ದುಪಟ್ಟಾ, ಪಂಚೆಯ ತುದಿ, ಇಳಿಬಿಟ್ಟ ಜಡೆ ಇವು ತಿರುಗುವ ಬೆಲ್ಟಿನ ಹತ್ತಿರ ಹೋಗಬಾರದು. ರೇಡಿಯೇಟರ್ ಫ್ಯಾನು ಹೇಳದೆ ಕೇಳದೆ ತಿರುಗಲಾರಂಭಿಸುತ್ತದೆ. ಮನೆಯ ಹಿರಿಯರೊಬ್ಬರು ಜೊತೆಗಿರಲಿ; ಒಬ್ಬರು ಒಳಗೆ ಕೂತು ಕೀಲಿ ನೋಡಿಕೊಂಡರೆ ಕೆಲಸವೂ ಹಗುರ.

ಈಗ ಕೈಗೆ ಪಾನಾ ತೆಗೆದುಕೊಳ್ಳಬೇಡಿ, ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಡುಕ ಯಾವಾಗ? ಬೆಳಿಗ್ಗೆ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಎ.ಸಿ. ಹಾಕಿದಾಗಲೋ, ಹಾಕದಿದ್ದರೂ ಉಂಟೋ? ಮಳೆಯ ಮಾರನೆಯ ದಿನವೇ? ಪೆಟ್ರೋಲ್ ತುಂಬಿಸಿದ ಮೇಲೆಯೇ? ಡಾಕ್ಟರು ಸ್ಟೆತಾಸ್ಕೋಪ್ ಹಿಡಿಯುವ ಮೊದಲು ‘ಎಷ್ಟು ದಿನದಿಂದ?’ ಎಂದು ಕೇಳುವುದಿಲ್ಲವೆ? ಅದೇ ಕ್ರಮ. ಕೋಡಿಬಾಗದಂಥ ಊರಿನಲ್ಲಿ ಪದೇಪದೇ ಕೇಳಿಬರುವ ದೂರು ಹೀಗಿರುತ್ತದೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಡುಕ, ಹತ್ತು ಹದಿನೈದು ನಿಮಿಷದಲ್ಲಿ ತಾನಾಗಿ ಮಾಯ. ಗ್ಯಾರೇಜ್ ತಲುಪುವ ಹೊತ್ತಿಗೆ ಕಾರು ಸಾಧುವಾಗಿಬಿಟ್ಟಿರುತ್ತದೆ!

ಇದಕ್ಕೊಂದು ಸೊಗಸಾದ ಕಾರಣವಿದೆ. ಕರಾವಳಿಯಲ್ಲಿ ತೇವದ ರಾತ್ರಿಗಳಲ್ಲಿ ವಿದ್ಯುತ್ ಕಂಬದ ಪಿಂಗಾಣಿ ಬಿಲ್ಲೆಗಳ ಬಳಿ ಚಿರ್‌ರೆಂಬ ಸದ್ದು, ಕೆಲವೊಮ್ಮೆ ನೀಲಿ ಮಿನುಗು ಕಂಡಿದ್ದೀರಾ? ಒಣಗಿದ ಉಪ್ಪು ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಅದು ಗಾಳಿಯ ತೇವವನ್ನು ಹೀರಿ ಒದ್ದೆಯಾದಾಗ ಅದರೊಳಗಿನ ಅಯಾನುಗಳು ಚಲಿಸತೊಡಗುತ್ತವೆ. ವಿದ್ಯುತ್ ಆ ಪದರದ ಮೇಲೆ ಹರಿದು ಸೋರಿಹೋಗುತ್ತದೆ. ಕಾರಿನಲ್ಲೂ ಇದೇ ಕಥೆ. ಸ್ಪಾರ್ಕ್ ಪ್ಲಗ್ಗಿಗೆ ಇಗ್ನಿಷನ್ ಕಾಯಿಲ್ ಕಳಿಸುವುದು ಹತ್ತಾರು ಸಾವಿರ ವೋಲ್ಟ್. ಪ್ಲಗ್ಗಿನ ತುದಿಯಲ್ಲಿರುವ ಒಂದು ಮಿಲಿಮೀಟರ್ ಆಸುಪಾಸಿನ ಸಂದಿಯನ್ನು ಜಿಗಿಯುವ ಬದಲು, ಹೊರಗಿನ ಪಿಂಗಾಣಿಯ ಮೇಲೋ ಬಿರುಕುಬಿಟ್ಟ ರಬ್ಬರ್ ಟೋಪಿಯ ಮೇಲೋ ಇರುವ ಒದ್ದೆ ಉಪ್ಪಿನ ದಾರಿ ಅದಕ್ಕೆ ಸುಲಭ ಎನಿಸಿದರೆ ಆ ದಾರಿಯನ್ನೇ ಹಿಡಿಯುತ್ತದೆ. ಸಿಲಿಂಡರಿನೊಳಗೆ ಕಿಡಿ ಹಾರುವುದಿಲ್ಲ. ಎಂಜಿನ್ ಬಿಸಿಯಾಗಿ ತೇವ ಆರಿದೊಡನೆ ಕಳ್ಳದಾರಿ ಮುಚ್ಚುತ್ತದೆ, ನಡುಕ ನಿಲ್ಲುತ್ತದೆ. ಹೊರಗೆ ಉದ್ದನೆಯ ಪ್ಲಗ್ ವೈರುಗಳಿರುವ ಹಳೆಯ ಕಾರಾದರೆ ಕತ್ತಲಲ್ಲಿ ಬಾನೆಟ್ ಎತ್ತಿ ದೂರದಿಂದ ನೋಡಿ. ವೈರಿನ ಮೇಲೆ ನೀಲಿ ಕಿಡಿಗಳು ಓಡಾಡುವುದು ಕಣ್ಣಿಗೇ ಕಾಣಬಹುದು. ಎಂಜಿನ್ ಚಾಲೂ ಇರುವಾಗ ಮಾತ್ರ ಆ ವೈರುಗಳನ್ನು ಮುಟ್ಟುವುದಾಗಲಿ ಕೀಳುವುದಾಗಲಿ ಮಾಡಬೇಡಿ. ಹಿಂದೆ ಮೇಸ್ತ್ರಿಗಳು ಹಾಗೆ ಕಿತ್ತು ನೋಡುತ್ತಿದ್ದರು. ಇಂದಿನ ಕಾಯಿಲ್‌ಗಳಿಗೂ ಕಂಪ್ಯೂಟರಿಗೂ ಅದು ಅಪಾಯ, ಕೀಳುವವನಿಗಂತೂ ಸರಿಯೇ ಸರಿ.

ಈಗ ಕಿವಿಗೆ ಕೆಲಸ. ಸೈಲೆನ್ಸರ್ ಕೊಳವೆಯ ಬಾಯಿಂದ ಅರ್ಧ ಅಡಿ ದೂರದಲ್ಲಿ, ಪಕ್ಕದಲ್ಲಿ ನಿಂತು, ಒಂದು ಉದ್ದನೆಯ ಕಾಗದದ ಪಟ್ಟಿಯನ್ನು ಹಿಡಿಯಿರಿ. ಮುಖ ದೂರವಿರಲಿ. ಆರೋಗ್ಯವಂತ ಎಂಜಿನ್ನಿನಲ್ಲಿ ಪಟ್ಟಿ ಒಂದೇ ಸಮನೆ ಹೊರಕ್ಕೆ ತಳ್ಳಲ್ಪಡುತ್ತದೆ. ಯಕ್ಷಗಾನದ ಚಂಡೆ ಕೇಳಿ ಬೆಳೆದವರಿಗೆ ಒಂದು ಪೆಟ್ಟು ತಪ್ಪಿದ್ದು ಕೂಡಲೇ ತಿಳಿಯುತ್ತದೆ, ಇಲ್ಲಿಯೂ ಹಾಗೆಯೇ. ಪೆಟ್ಟು ಕ್ರಮಬದ್ಧವಾಗಿ, ಪ್ರತಿ ಆವರ್ತದಲ್ಲೂ ಅದೇ ಜಾಗದಲ್ಲಿ ತಪ್ಪುತ್ತಿದ್ದರೆ ಒಂದು ನಿರ್ದಿಷ್ಟ ಸಿಲಿಂಡರ್ ಸುಮ್ಮನಿದೆ ಎಂದರ್ಥ. ಇದೇ ‘ಮಿಸ್ಸಿಂಗ್’. ಪೆಟ್ಟುಗಳೆಲ್ಲ ಬರುತ್ತಿವೆ, ಆದರೆ ಲಯವೇ ಏರಿ ಇಳಿಯುತ್ತಿದೆ, ಆರ್.ಪಿ.ಎಂ. ಮುಳ್ಳು ತೂಗುತ್ತಿದೆ ಎಂದಾದರೆ ಅದು ‘ಐಡ್ಲಿಂಗ್ ನಿಲ್ಲದಿರುವುದು’: ಗಾಳಿ ಅಥವಾ ಮಿಶ್ರಣದ ದೋಷ. ಇನ್ನೊಂದು ಬಗೆಯೂ ಉಂಟು. ಸದ್ದು ಸಮವಾಗಿದೆ, ಮುಳ್ಳು ಕದಲುವುದಿಲ್ಲ, ಆದರೂ ಕಾರಿನ ಮೈ ನಡುಗುತ್ತದೆ. ಆಗ ಎಂಜಿನ್ ನಿರ್ದೋಷಿ. ಅದನ್ನು ಹೊತ್ತ ರಬ್ಬರ್ ಮೌಂಟಿಂಗ್ ಸವೆದು ಗಟ್ಟಿಯಾಗಿದೆ. ಇದನ್ನು ತಿಳಿಯದೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಎಂದು ಒಂದೊಂದಾಗಿ ಬದಲಿಸಿದರೆ ಸಾವಿರಾರು ರೂಪಾಯಿ ಖರ್ಚಾಗುತ್ತದೆ, ನಡುಕ ಮಾತ್ರ ಹಾಗೆಯೇ ಉಳಿಯುತ್ತದೆ.

ಇನ್ನು ಬಾನೆಟ್ ಎತ್ತಿ, ಎಂಜಿನ್ ನಿಲ್ಲಿಸಿ, ಸುಮ್ಮನೆ ನೋಡಿ. ಬ್ಯಾಟರಿಯ ತುದಿಗಳಲ್ಲಿ ಹಸಿರು ಅಥವಾ ಬಿಳಿ ಹುಡಿ ಕಟ್ಟಿದೆಯೇ? ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ ಸುಮಾರು 12.6 ವೋಲ್ಟ್, ಎಂಜಿನ್ ಚಾಲೂ ಇರುವಾಗ 14ರ ಆಸುಪಾಸು ತೋರಿಸಬೇಕು. ಕಾಲೇಜಿನ ಪ್ರಯೋಗಶಾಲೆಯಲ್ಲಿ ನೀವು ಬಳಸುವ ಮಲ್ಟಿಮೀಟರೇ ಸಾಕು. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ತಂತಿಗಳ ಮೇಲೆ ಹಲ್ಲಿನ ಗುರುತಿದೆಯೇ? ಮಳೆಗಾಲದಲ್ಲಿ ಇಲಿ ಹೆಗ್ಗಣಗಳಿಗೆ ಬೆಚ್ಚಗಿನ ಎಂಜಿನ್ನಿಗಿಂತ ಒಳ್ಳೆಯ ಮನೆ ಇನ್ನೊಂದಿಲ್ಲ. ಇಂಜೆಕ್ಟರಿಗೆ ಹೋಗುವ ಒಂದು ಸಣ್ಣ ತಂತಿ ತುಂಡಾದರೆ ಸಾಕು, ಆ ಸಿಲಿಂಡರಿಗೆ ಉಪವಾಸ. ಹೊಗೆಸೊಪ್ಪು, ನುಸಿಗುಳಿಗೆ ಕಟ್ಟಿಡುವವರಿದ್ದಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು, ಶೆಡ್ಡಿನಲ್ಲಿ ಅಕ್ಕಿ, ಕೊಬ್ಬರಿ, ಒಣಮೀನು ಇಡದಿರುವುದು ಹೆಚ್ಚು ಉಪಕಾರಿ.

ಸ್ಪಾರ್ಕ್ ಪ್ಲಗ್ಗಿನ ಬಳಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಸಿಲಿಂಡರಿನ ಒಳಗಿನ ಸುದ್ದಿಯನ್ನು ಹೊರಗೆ ತರುವ ದೂತ ಅದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಬಿಚ್ಚಿ. ಬಿಸಿಯಲ್ಲಿ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡಿನ ಮರೆ ಹಾಳಾಗುತ್ತದೆ. ಬಿಚ್ಚುವ ಮೊದಲು ಗುಳಿಯಲ್ಲಿರುವ ಧೂಳು, ನೀರನ್ನು ಊದಿ ತೆಗೆಯಿರಿ. 1, 2, 3 ಎಂದು ಬರೆದ ಕಾಗದದ ಮೇಲೆ ಪ್ಲಗ್ಗುಗಳನ್ನು ಕ್ರಮವಾಗಿ ಇಡಿ. ತುದಿ ಬಿಸ್ಕತ್ತಿನ ಬಣ್ಣದ್ದಾಗಿದ್ದರೆ ಆ ಸಿಲಿಂಡರ್ ಕ್ಷೇಮ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಪ್ಲಗ್ ಸಾಕಷ್ಟು ಬಿಸಿಯಾಗುತ್ತಿಲ್ಲ. ಎಣ್ಣೆಯ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳಗೆ ಇಳಿಯುತ್ತಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬಂದಿದೆ, ಉರಿದಿಲ್ಲ.

ಸಂತೆಗೆ ಹೋಗಿ ಬರುವ ಕೋಡಿಬಾಗದ ಕಾರಿನಲ್ಲಿ ಸಾಮಾನ್ಯವಾಗಿ ಸಿಗುವುದು ಆ ಒಣ ಮಸಿ. ಪ್ಲಗ್ಗಿನ ತುದಿ ಸುಮಾರು 450-500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮಾತ್ರ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಎರಡು ಕಿಲೋಮೀಟರ್ ಓಟದಲ್ಲಿ ಎಂಜಿನ್ ತಣ್ಣಗೇ ಇರುತ್ತದೆ. ತಣ್ಣಗಿನ ಎಂಜಿನ್ನಿಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡುತ್ತದೆ, ಅದರಿಂದ ಮಸಿ ಇನ್ನಷ್ಟು. ಬೆಳಿಗ್ಗೆ ಸ್ಟಾರ್ಟ್ ಮಾಡಿ ನಿಂತಲ್ಲೇ ಐದು ನಿಮಿಷ ಬಿಡುವ ಅಭ್ಯಾಸ ಇದಕ್ಕೆ ಮದ್ದಲ್ಲ, ರೋಗವನ್ನೇ ಬೆಳೆಸುವ ಉಪಚಾರ. ವಾರಕ್ಕೊಮ್ಮೆ ಅಂಕೋಲೆಯ ಕಡೆಗೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ ಬರುವುದು ಮೇಲು. ಬೈತಖೋಲ ಬಂದರಿನ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ದಡದಲ್ಲಿದ್ದಾಗ ಮೀನುಗಾರರು ಎಂಜಿನ್ನುಗಳ ರಿಪೇರಿ ಮಾಡಿಸಿಕೊಳ್ಳುತ್ತಾರೆ. ನಿಂತ ಯಂತ್ರವೂ ಕೆಡುತ್ತದೆ ಎಂಬುದು ಕಡಲ ಮೇಲೆ ಬದುಕುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಯಾವ ಸಿಲಿಂಡರ್ ಸುಮ್ಮನಿದೆ ಎಂದು ತಿಳಿಯಿತೆನ್ನಿ, ಎರಡನೆಯದು. ಅದರ ಪ್ಲಗ್ ಒದ್ದೆಯಾಗಿದೆ. ಅಪರಾಧಿ ಪ್ಲಗ್ಗೋ, ಕಾಯಿಲೋ? ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಇರುವ ಕಾರಾದರೆ, ಎಂಜಿನ್ ಮತ್ತು ಕೀಲಿ ಎರಡನ್ನೂ ಆರಿಸಿ, ಎರಡನೆಯ ಕಾಯಿಲನ್ನು ಮೂರನೆಯದರ ಜಾಗಕ್ಕೂ ಮೂರನೆಯದನ್ನು ಎರಡನೆಯದರ ಜಾಗಕ್ಕೂ ಹಾಕಿ. ಬೇರೇನನ್ನೂ ಮುಟ್ಟಬೇಡಿ. ಸ್ಟಾರ್ಟ್ ಮಾಡಿ. ದೋಷ ಮೂರನೆಯ ಸಿಲಿಂಡರಿಗೆ ಹೋಯಿತೇ? ಹಾಗಾದರೆ ಕಾಯಿಲ್ ಕೆಟ್ಟಿದೆ. ಎರಡರಲ್ಲೇ ಉಳಿಯಿತೇ? ಕಾಯಿಲ್ ನಿರ್ದೋಷಿ. ಈಗ ಪ್ಲಗ್ಗುಗಳನ್ನು ಅದಲುಬದಲು ಮಾಡಿ. ಆಗಲೂ ದೋಷ ಕದಲದಿದ್ದರೆ ಇಂಜೆಕ್ಟರ್, ತಂತಿ, ಅಥವಾ ಸಿಲಿಂಡರಿನ ಒತ್ತಡದ ಕಡೆ ನೋಡಬೇಕು. ವಿಜ್ಞಾನದ ಪ್ರಯೋಗದಲ್ಲಿ ಒಂದು ಚರವನ್ನು ಮಾತ್ರ ಬದಲಿಸಿ ಉಳಿದವನ್ನು ಸ್ಥಿರವಾಗಿಡಿ ಎಂದು ನಿಮ್ಮ ಮೇಷ್ಟ್ರು ಹೇಳಿದ್ದರಲ್ಲ, ಇದು ಅದೇ. ಒಮ್ಮೆಲೇ ಪ್ಲಗ್, ಕಾಯಿಲ್, ಫಿಲ್ಟರ್ ಮೂರನ್ನೂ ಬದಲಿಸಿ ಕಾರು ಸರಿಹೋದರೆ ಸಂತೋಷವೇ, ಆದರೆ ಏನು ಕೆಟ್ಟಿತ್ತು ಎಂಬುದು ಮಾತ್ರ ತಿಳಿಯದೆ ಹೋಗುತ್ತದೆ. ಮುಂದಿನ ಮಳೆಗಾಲಕ್ಕೆ ಅದೇ ದೋಷ ಮರಳಿ ಬಂದಾಗ ನೀವು ಮತ್ತೆ ಮೊದಲಿನ ಜಾಗದಲ್ಲೇ ನಿಂತಿರುತ್ತೀರಿ. ಪ್ಲಗ್ ಹಾಕುವಾಗ ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸಿ. ಪಾನಾದಿಂದ ಒತ್ತಾಯಿಸಿದರೆ ಮರೆ ಅಡ್ಡ ಹತ್ತುತ್ತದೆ. ಸಂದಿ ಎಷ್ಟಿರಬೇಕೆಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ.

ಗಾಳಿಯ ಸೋರಿಕೆಯನ್ನು ಹುಡುಕಲು ಒಂದು ಮೀಟರ್ ರಬ್ಬರ್ ಕೊಳವೆ ಸಾಕು. ಒಂದು ತುದಿ ಕಿವಿಯ ಬಳಿ, ಇನ್ನೊಂದನ್ನು ತಿರುಗುವ ಭಾಗಗಳಿಂದ ದೂರವಿಟ್ಟು ಒಂದೊಂದು ಕೊಳವೆಯ ಕೂಡಿಕೆಯ ಬಳಿ ಒಯ್ಯಿರಿ. ಸೋರುವಲ್ಲಿ ಹಾವು ಬುಸುಗುಟ್ಟಿದಂತೆ ಕೇಳುತ್ತದೆ. ಅನುಮಾನದ ಜಾಗಕ್ಕೆ, ತಂತಿಗಳಿಂದ ದೂರವಿದ್ದರೆ, ಹನಿ ನೀರು ಚಿಮುಕಿಸಿದಾಗ ಎಂಜಿನ್ನಿನ ಸದ್ದು ಕ್ಷಣಕಾಲ ಬದಲಾದರೆ ಕಳ್ಳದಾರಿ ಸಿಕ್ಕಿತು. ಕೆಲವರು ಇದಕ್ಕೆ ಪೆಟ್ರೋಲನ್ನೋ ಕಾರ್ಬ್ಯುರೇಟರ್ ಸ್ಪ್ರೇಯನ್ನೋ ಚಿಮುಕಿಸುತ್ತಾರೆ. ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಗೆ ಕೊಟ್ಟ ಆಹ್ವಾನ, ನೀವು ಮಾಡಬೇಡಿ. ಥ್ರಾಟಲ್ ಬಿಲ್ಲೆಯ ಸುತ್ತ ಕಪ್ಪು ಅಂಟು ಕಟ್ಟಿದ್ದರೆ ಐಡ್ಲಿಂಗಿನ ಗಾಳಿ ಹಾಯುವ ಆ ಕೂದಲೆಳೆಯ ಸಂದಿ ಮುಚ್ಚಿಹೋಗುತ್ತದೆ. ಎಂಜಿನ್ ತಣ್ಣಗಿರುವಾಗ, ಅದಕ್ಕೆಂದೇ ಇರುವ ದ್ರವವನ್ನು ಮೆತ್ತನೆ ಬಟ್ಟೆಗೆ ಹಾಕಿ ಒರೆಸಬೇಕು. ಮೋಟಾರಿನಿಂದ ಚಲಿಸುವ ಬಿಲ್ಲೆಯನ್ನು ಬೆರಳಿನಿಂದ ಬಲವಾಗಿ ತಳ್ಳಬಾರದು. ಒರೆಸಿದ ಮೇಲೆ ಸ್ವಲ್ಪ ಹೊತ್ತು ಐಡ್ಲಿಂಗ್ ಏರುಪೇರಾದರೆ ಗಾಬರಿ ಬೇಡ. ಕಂಪ್ಯೂಟರ್ ಹೊಸ ಸಂದಿಯ ಅಳತೆಯನ್ನು ಕಲಿಯುತ್ತಿರುತ್ತದೆ. ಕೆಲವು ಕಾರುಗಳಲ್ಲಿ ಅದನ್ನು ಗ್ಯಾರೇಜಿನಲ್ಲೇ ಕಲಿಸಬೇಕಾಗುತ್ತದೆ.

ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಒಂದು ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸುತ್ತಿದ್ದರು. ಸುಮಾರು 2000ನೇ ಇಸವಿಯ ಹೊತ್ತಿಗೆ ನಮ್ಮ ಕಾರುಗಳಲ್ಲಿ ಇಂಜೆಕ್ಷನ್ ಪದ್ಧತಿ ಬಂದು ಆ ಕೆಲಸ ಕಂಪ್ಯೂಟರಿನದಾಯಿತು. ಇಂದಿಗೂ ಥ್ರಾಟಲಿನ ತಡೆ ಸ್ಕ್ರೂ ತಿರುಗಿಸಿ ‘ಸರಿಮಾಡುವ’ ಮೇಸ್ತ್ರಿಗಳುಂಟು. ವೇಗ ಏರಿದಾಗ ನಡುಕ ಮುಚ್ಚಿಹೋಗುತ್ತದೆ, ನಿಜ. ಜ್ವರ ಬಂದವನ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದರೂ ಅಂಕಿ ಇಳಿಯುತ್ತದೆ!

ಪೆಟ್ರೋಲಿನ ಮಾತೂ ಬರಬೇಕು. 2023ರಿಂದ ಹಂತಹಂತವಾಗಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ನಮ್ಮ ಬಂಕುಗಳಿಗೆ ಬಂದಿದೆ. ಎಥನಾಲ್ ನೀರಿನೊಡನೆ ಬೆರೆಯುತ್ತದೆ, ಪೆಟ್ರೋಲ್ ಬೆರೆಯುವುದಿಲ್ಲ. ಸ್ವಲ್ಪ ನೀರು ಸೇರಿದರೆ ಎಥನಾಲ್ ಅದನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಮಿತಿ ಮೀರಿದೊಡನೆ ಎಥನಾಲೂ ನೀರೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪು ಪೆಟ್ರೋಲ್ ಹೀರುವುದೂ ತಳದಿಂದಲೇ. ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕನ್ನು ಮಳೆಗಾಲದಲ್ಲಿ ಬಹುಪಾಲು ತುಂಬಿಸಿಡುವುದು ಒಳ್ಳೆಯದು. ಒಳಗೆ ತೇವದ ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಎಥನಾಲ್ ಬೇರ್ಪಡುವ ಪ್ರಯೋಗವನ್ನು ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಮುಂದೆ, ಅಳತೆಯ ಜಾಡಿಯಲ್ಲಿ ಮಾಡಿ ನೋಡಿ: ಪೆಟ್ರೋಲಿಗೆ ಗೊತ್ತಾದ ಅಳತೆಯ ನೀರು ಸೇರಿಸಿ ಕುಲುಕಿ ಬಿಟ್ಟರೆ ಕೆಳಗಿನ ನೀರಿನ ಪದರ ಹಾಕಿದ್ದಕ್ಕಿಂತ ದಪ್ಪವಾಗಿರುತ್ತದೆ. ಹೆಚ್ಚಾದದ್ದು ಎಥನಾಲ್. ಮನೆಯಲ್ಲಿ ಬೇಡ.

ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿದ್ದರೆ ಸ್ಟೀರಿಂಗಿನ ಕೆಳಗಿರುವ ಜೋಡಣೆಗೆ ಒಂದು ಚಿಕ್ಕ ರೀಡರ್ ಸಿಕ್ಕಿಸಿ ಮೊಬೈಲಿನಲ್ಲೇ ಸಂಕೇತ ಓದಬಹುದು. ಪಿ 0302 ಎಂದರೆ ಎರಡನೆಯ ಸಿಲಿಂಡರಿನಲ್ಲಿ ಉರಿತ ತಪ್ಪುತ್ತಿದೆ. ಪಿ 0300 ಎಂದರೆ ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತಿದೆ. ಪಿ 0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು. ಸಂಕೇತ ಹೇಳುವುದು ಲಕ್ಷಣವನ್ನು. ಯಾವ ಭಾಗ ಕೊಳ್ಳಬೇಕೆಂದು ಅದು ಹೇಳುವುದಿಲ್ಲ, ಅಂಗಡಿಯವರು ಹೇಳಿಯಾರು. ಆ ದೀಪ ಮಿಣುಕುತ್ತಿದ್ದರೆ ಮಾತ್ರ ಕಾರನ್ನು ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಕರಗಿಸಿಬಿಡಬಲ್ಲದು. ಅದರ ಬೆಲೆಯಲ್ಲಿ ಪ್ಲಗ್ಗುಗಳ ರಾಶಿಯನ್ನೇ ತರಬಹುದು.

ಡೀಸೆಲ್ ಕಾರಿನವರು ಈ ಮಾತುಗಳಲ್ಲಿ ಏರ್ ಫಿಲ್ಟರ್, ಬ್ಯಾಟರಿ, ಇಲಿ ಮತ್ತು ಮೌಂಟಿಂಗಿನವನ್ನು ಮಾತ್ರ ತೆಗೆದುಕೊಳ್ಳಲಿ. ಡೀಸೆಲ್ಲಿಗೆ ಕಿಡಿ ಇಲ್ಲ. ಅದರ ಇಂಧನ ಕೊಳವೆಗಳಲ್ಲಿ ವಾತಾವರಣದ ಸಾವಿರ ಪಟ್ಟಿಗೂ ಮೀರಿದ ಒತ್ತಡವಿರುತ್ತದೆ. ಸೂಜಿಮೊನೆಯ ಸೋರಿಕೆಯೂ ಚರ್ಮವನ್ನು ಸೀಳಿ ಒಳನುಗ್ಗುತ್ತದೆ. ಪೆಟ್ರೋಲ್ ಕಾರಿನಲ್ಲೂ ಇಂಧನದ ಕೊಳವೆ, ವಾಲ್ವ್, ಟೈಮಿಂಗ್ ಚೈನು, ಒತ್ತಡದ ಪರೀಕ್ಷೆ ಇವು ಗ್ಯಾರೇಜಿನ ಕೆಲಸ. ಅಲ್ಲಿಗೆ ಹೋದಾಗ ‘ಗಾಡಿ ಸರಿಯಿಲ್ಲ, ನೋಡಿ’ ಎನ್ನಬೇಡಿ. ನೋಟ್‌ಬುಕ್ ತೆರೆದು ಹೇಳಿ: ‘ಬೆಳಿಗ್ಗೆ ತಣ್ಣಗಿರುವಾಗ ನಡುಕ, ಎರಡನೆಯ ಸಿಲಿಂಡರ್, ಪ್ಲಗ್ ಒದ್ದೆ, ಕಾಯಿಲ್ ಅದಲುಬದಲು ಮಾಡಿದೆವು, ದೋಷ ಅಲ್ಲೇ ಉಳಿಯಿತು.’ ಒಳ್ಳೆಯ ಮೇಸ್ತ್ರಿಗೆ ಇಷ್ಟು ಕೇಳಿದರೆ ಸಂತೋಷವಾಗುತ್ತದೆ. ಸಾಧ್ಯವಾದರೆ ಕಾರನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಡಿ. ಬೆಳಿಗ್ಗೆ ತಣ್ಣಗಿನ ಎಂಜಿನ್ನನ್ನು ಅವರೇ ಸ್ಟಾರ್ಟ್ ಮಾಡಿ ಕೇಳಲಿ. ಮನೆಯಲ್ಲೇ ಸರಿಹೋಯಿತೆಂದಾದರೆ, ಬಾನೆಟ್ ಮುಚ್ಚುವ ಮೊದಲು ಒಳಗೆ ಪಾನಾ, ಬಟ್ಟೆ ಉಳಿದಿಲ್ಲವೆಂದು ನೋಡಿಕೊಳ್ಳಿ. ಇನ್ನೊಂದು ಮಳೆಯ ರಾತ್ರಿ ಕಳೆದ ಮೇಲೆ, ಬೆಳಿಗ್ಗೆ, ಮತ್ತೊಮ್ಮೆ ಕಾಗದದ ಪಟ್ಟಿ ಹಿಡಿದು ಸದ್ದು ಕೇಳಿ, ಅದನ್ನೂ ದಿನಾಂಕ ಹಾಕಿ ಬರೆದಿಡಿ.